ಶಲ್ಯ ಹೊದ್ದ ಕಂಪ್ಯೂಟರ್

ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಕಂಪ್ಯೂಟರ್ ಓದಿದವರ ಪೈಕಿಯಲ್ಲ. ಸಂಜೆ ತರಗತಿಯಲ್ಲಿ ಕಲಿತಷ್ಟೇ ನನಗೆ ಗೊತ್ತು. ಇದನ್ನು ಹೇಳಲು ನಾನು ಯಾರು ಎಂದು ಬಹಳ ಹಿಂಜರಿದೆ. ಆದರೆ ಇದು ಯಾರ ಮನೆಯಲ್ಲಿ ನಡೆಯಿತೋ ಆ ಚೂಡಾಮಣಿಯೇ "ಹೇಳಿ, ಇನ್ನೊಬ್ರ ಮನೇಲಿ ಹಿಂಗಾಗೋದು ಬೇಡ" ಎಂದದ್ದರಿಂದ ಧೈರ್ಯ ಮಾಡಿದ್ದೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಶ್ರೀರಾಂಪುರದಲ್ಲಿ ಮನೆಯ ಮುಂದಿನ ಕೋಣೆಯೇ ಚೂಡಾಮಣಿಯ ಡಿ.ಟಿ.ಪಿ. ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಯ ತುಂಬ ಲಗ್ನಪತ್ರಿಕೆಯ ಮಾದರಿಗಳು. ಗಂಡ ಮೃತ್ಯುಂಜಯನಿಗೆ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಬಂದು ಅದೇ ಕಂಪ್ಯೂಟರಿನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತಾನೆ.

ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಮದುವೆ ಮನೆಯ ಹಿರಿಯರು ಬಂದು, ಪರದೆಯ ಮೇಲೇ ಒಂದೊಂದು ಹೆಸರನ್ನೂ ಓದಿ ಒಪ್ಪಬೇಕು. ಇದು ಚೂಡಾಮಣಿಯ ಕಟ್ಟಳೆ. ಗುರುಗಳ ಹೆಸರು ಎಲ್ಲಕ್ಕಿಂತ ಮೇಲಿರಬೇಕು, ಅಜ್ಜಿಯ ಹೆಸರು ಬಿಟ್ಟುಹೋಗಬಾರದು, ಸೋದರಮಾವ ಮುನಿಸಿಕೊಳ್ಳಬಾರದು. 2008ರ ಬೇಸಿಗೆಯಲ್ಲಿ ಸದಾಶಿವಯ್ಯ, ಅವರ ಹೆಂಡತಿ ಪುಟ್ಟಬಸಮ್ಮ ಹೀಗೆಯೇ ಮೊಮ್ಮಗಳ ಲಗ್ನಪತ್ರಿಕೆ ನೋಡಲು ಬಂದರು. ಮಠಕ್ಕೆ ನಡೆದುಕೊಳ್ಳುವ ಮನೆತನ. ಅವರು ಮೆಚ್ಚಿದರೆ ಅವರ ಬಳಗವೆಲ್ಲ ಈ ಅಂಗಡಿಗೇ ಬರುತ್ತಿತ್ತು.

ಸದಾಶಿವಯ್ಯ ಕನ್ನಡಕ ಏರಿಸಿ, ಗುರುಗಳ ಹೆಸರಿಗೆ ಕೈಮುಗಿದು, ಆ ಸಾಲನ್ನು ಗಟ್ಟಿಯಾಗಿ ಓದತೊಡಗಿದರು. ಅಷ್ಟರಲ್ಲಿ ಆ ಸಾಲಿನ ಮೇಲೆಯೇ ಒಂದು ಚಿತ್ರ ಬಂದು ಕೂತಿತು. ಮೈಮೇಲೆ ಬಟ್ಟೆಯಿಲ್ಲದ ಹೆಂಗಸಿನ ಚಿತ್ರ!

ಚೂಡಾಮಣಿ ಗಾಬರಿಯಿಂದ ಅದನ್ನು ಮುಚ್ಚಿದಳು. ಇನ್ನೆರಡು ಬಂದವು. ಅವನ್ನೂ ಮುಚ್ಚಿದರೆ ಪರದೆಯ ತುಂಬ ಅವೇ. ಆತುರಕ್ಕೆ ಮೌಸ್ ಕೆಳಗೆ ಬಿತ್ತು.

"ಶಿವಶಿವಾ! ಏನವ್ವಾ ಇದು?" ಪುಟ್ಟಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸೆರಗಿನೊಳಗಿಂದಲೇ, "ಇನ್ನೂ ಬರ್ತಾನೇ ಅವೆಯಲ್ಲಾ!" ಎಂದರು.

ಸದಾಶಿವಯ್ಯ ಹೆಗಲ ಮೇಲಿನ ಶಲ್ಯ ತೆಗೆದು ಮಾನಿಟರಿಗೆ ಹೊದಿಸಿದರು. "ಗುರುಗಳ ಹೆಸರಿನ ಮೇಲೆ ಕಣಮ್ಮ..." ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಶಲ್ಯ ತೆಗೆದುಕೊಳ್ಳಲೂ ನಿಲ್ಲಲಿಲ್ಲ.

ಚೂಡಾಮಣಿ ಕೂತಲ್ಲೇ ಕಲ್ಲಾದಳು. ಇಂಥವು ತಾವಾಗಿ ಬರುತ್ತವೆಯೇ? ಯಾರೋ ನೋಡಿರಬೇಕು. ಈ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವರು ಇಬ್ಬರೇ.

ಸಂಜೆ ಮೃತ್ಯುಂಜಯ ಬಂದಾಗ ಕಾಫಿ ಲೋಟ ಟಕ್ಕೆಂದು ಕೆಳಗಿಟ್ಟಳು. "ರೀ, ನಾನು ಅಡಿಗೆ ಮನೇಲಿದ್ದಾಗ ಏನ್ ನೋಡ್ತೀರಿ ಅದ್ರಲ್ಲಿ?"

"ಸ್ಕೋರು ಕಣೇ. ಯಾಕೆ?"

ಅವಳು ಶಲ್ಯ ಸರಿಸಿ ತೋರಿಸಿದಳು. ಅವನ ಮುಖ ಬಿಳಿಚಿಕೊಂಡಿತು. "ಇದು ನಾನು... ನನ್ನ ಅಂಥೋನು ಅಂದ್ಕೊಂಡ್ಬುಟ್ಯಾ ಚೂಡಿ?"

ಅವಳು ಶಲ್ಯವನ್ನು ಮತ್ತೆ ಎಳೆದು ಮುಚ್ಚಿದಳು. ಅವನು ಕಾಫಿ ಮುಟ್ಟದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಊಟಕ್ಕೂ ಏಳಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಚೂಡಾಮಣಿ ತನ್ನ ಗೆಳತಿ ನಾಗಮಣಿಯನ್ನು ಕರೆಸಿದಳು. ನಾನು ಕಲಿತ ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ಅವಳೇ. "ಇವ್ರು ಏನೇನು ನೋಡವ್ರೆ ಅಂತ ತೆಗ್ದು ತೋರ್ಸೇ," ಎಂದು ಚೂಡಾಮಣಿ ಪಿಸುಗುಟ್ಟಿದಳು.

ನಾಗಮಣಿ ಮೊದಲು ಇಂಟರ್ನೆಟ್ ತಂತಿ ಕಿತ್ತಳು. ಆಮೇಲೆ ತುಂಬ ಹೊತ್ತು ಹುಡುಕಿ, "ಇಗೋ, ಸಿಕ್ತು. ಬುಧವಾರ ಮಧ್ಯಾಹ್ನ ಸೇರ್ಕೊಂಡು, ನಿನ್ನೆವರೆಗೂ ಅಡಗಿ ಕೂತಿದೆ. ಆಗ ಇಲ್ಲಿ ಯಾರು ಕೂತಿದ್ರು?" ಎಂದಳು.

ಬುಧವಾರ ಮಧ್ಯಾಹ್ನ ಮೃತ್ಯುಂಜಯ ಕಾರ್ಖಾನೆಯಲ್ಲಿದ್ದ.

"ನಾನೇ," ಎಂದಳು ಚೂಡಾಮಣಿ. "ಪತ್ರಿಕೆ ಅಂಚಿಗೆ ರಂಗೋಲಿ ಬೇಕಿತ್ತು, ಹುಡುಕ್ತಿದ್ದೆ. ಒಂದು ಪೇಜಲ್ಲಿ ವಿಡಿಯೋ ಇತ್ತು. ನಿಮ್ಮ ಪ್ಲೇಯರ್ ಹಳೇದಾಗಿದೆ, ಅಪ್‌ಡೇಟ್ ಮಾಡ್ಕೊಳ್ಳಿ ಅಂತ ಬಂತು. ಒತ್ತಿದೆ. ಅಪ್‌ಡೇಟ್ ಒಳ್ಳೇದು ಅಂತ ನೀನೇ ಹೇಳ್ತಿದ್ದೆಯಲ್ಲೇ!"

"ಅದು ಅಪ್‌ಡೇಟ್ ಅಲ್ಲ ಕಣೇ, ಅಪ್‌ಡೇಟ್ ವೇಷ ಹಾಕ್ಕೊಂಡು ಬಂದಿದ್ದು. ಸರಿ, ಕಂಪ್ಯೂಟರೇ ಕೇಳೋ ನಿಜವಾದ ಅಪ್‌ಡೇಟ್ ಯಾಕೆ ಒಂದೂ ಆಗಿಲ್ಲ?"

"ಹೋದ್ಸಲ ಮಾಡ್ದಾಗ ಒತ್ತಕ್ಷರ ಎಲ್ಲಾ ಚೌಕ ಚೌಕ ಆಗೋಯ್ತು. ಲಗ್ನದ ಸೀಸನ್ನು. ಅವತ್ತೇ ಬಂದ್ ಮಾಡ್ಬುಟ್ಟೆ."

ನಾಗಮಣಿ ಹಣೆ ಚಚ್ಚಿಕೊಂಡಳು. "ಮನೆಯವ್ರು ಬಾಗ್ಲು ತಟ್ಟಿದ್ರೆ ತೆಗೀಲಿಲ್ಲ, ಬೀದೀಲಿ ಹೋಗೋನು ಕೂಗಿದ್ದಕ್ಕೆ ಒಳಗೆ ಕರ್ದು ಮಣೆ ಹಾಕ್ದೆ!"

ಚೂಡಾಮಣಿಗೆ ನಗು ಬರಲಿಲ್ಲ. ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಿದ್ದ ಗಂಡ ಕಣ್ಣಿಗೆ ಬಂದ. ಹಿಂದಿನ ದಿನ ಆ ಚಿತ್ರಗಳನ್ನು ಕಂಡಾಗ ಆದ ಆಘಾತಕ್ಕಿಂತ ಇದು ದೊಡ್ಡದಾಗಿತ್ತು.

ಸಂಜೆ ಅವನು ಬಂದೊಡನೆ, ನಾಗಮಣಿಯ ಎದುರಿಗೇ, "ತಪ್ಪು ನಂದು ರೀ. ಅದನ್ನ ಒಳಗೆ ಬಿಟ್ಕೊಂಡೋಳು ನಾನೇ," ಎಂದಳು.

ಮೃತ್ಯುಂಜಯ ಚಪ್ಪಲಿ ಬಿಟ್ಟು ಒಳಗೆ ಬಂದು, "ಮೊದ್ಲು ಕಾಫಿ ಕೊಡು. ನಿನ್ನೇದೂ ಸೇರ್ಸಿ," ಎಂದ.

ಮೂವರೂ ಕೂತರು. ನಾಗಮಣಿ ಮೊದಲು ಪತ್ರಿಕೆಗಳನ್ನೂ ಕನ್ನಡ ಅಕ್ಷರಗಳ ಫಾಂಟುಗಳನ್ನೂ ಸಿ.ಡಿ.ಗೆ ಇಳಿಸಿ ವೈರಸ್ ಪರೀಕ್ಷೆ ಮಾಡಿದಳು. ಬಳಿಕ ಎಲ್ಲವನ್ನೂ ಅಳಿಸಿ, ಅಸಲಿ ಸಿ.ಡಿ.ಯಿಂದ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿದಳು. ಬೇರೆ ಯಾವ ಪೇಜನ್ನೂ ತೆರೆಯುವ ಮೊದಲು ಅದರದೇ ಅಪ್‌ಡೇಟುಗಳನ್ನು ತರಿಸಿದಳು. "ಇದು ಅಂದ ಚಂದಕ್ಕಲ್ಲ. ಕಿಟಕಿ ಚಿಲಕ ಸಡಿಲ ಅಂತ ಮಾಡಿದೋರಿಗೆ ಗೊತ್ತಾದಾಗ ಹೊಸ ಚಿಲಕ ಕಳಿಸ್ತಾರೆ. ಹಾಕ್ಕೊಳ್ದೇ ಇದ್ರೆ ಸಡಿಲ ಇರೋದು ಕಳ್ಳನಿಗೂ ಗೊತ್ತಾಗಿರುತ್ತೆ," ಎಂದಳು.

ಕಂಪ್ಯೂಟರ್ ಮತ್ತೆ ಶುರುವಾಗಿ, ಸಿ.ಡಿ.ಯಿಂದ ಪತ್ರಿಕೆ ತಂದು ತೆರೆದಾಗ ಚೂಡಾಮಣಿ ಚೀರಿದಳು. ಗುರುಗಳ ಹೆಸರಿನ ಹಿಂದಿನ ಶ್ರೀಕಾರವೆಲ್ಲ ಚೌಕ! "ನೋಡ್ದಾ? ನಾನು ಹೇಳ್ಲಿಲ್ವಾ?"

"ಸಿ.ಡಿ. ಯಾಕೆ ಮಾಡಿಟ್ಕೊಂಡಿದ್ದು?" ನಾಗಮಣಿ ಫಾಂಟುಗಳನ್ನು ಮತ್ತೆ ಹಾಕಿದಳು. ಶ್ರೀಕಾರ ಮರಳಿತು. ಇಷ್ಟಕ್ಕೇ ಹೆದರಿ ಅಷ್ಟು ದಿನ ಬಾಗಿಲು ಜಡಿದಿದ್ದೆನೇ ಎನಿಸಿತು ಚೂಡಾಮಣಿಗೆ.

ಗಂಡ ಹೆಂಡತಿ ಇಬ್ಬರೂ ಶಲ್ಯವನ್ನು ಒಗೆದು ಇಸ್ತ್ರಿ ಮಾಡಿಸಿಕೊಂಡು ಸದಾಶಿವಯ್ಯನವರ ಮನೆಗೆ ಹೋದರು. ಚೂಡಾಮಣಿ ಒಂದೂ ಮುಚ್ಚಿಡದೆ ಹೇಳಿದಳು. ಸದಾಶಿವಯ್ಯ ಶಲ್ಯದ ಮಡಿಕೆ ಸವರುತ್ತಾ ಕೂತರು. ಕಡೆಗೆ ಪುಟ್ಟಬಸಮ್ಮನೇ, "ನಮ್ಮ ಮೊಮ್ಮಗಳ ಕಂಪ್ಯೂಟರ್‌ನಲ್ಲೂ ಅದೇನೋ ಕೇಳ್ತಾನೇ ಇರುತ್ತಲ್ಲಾ? ನಡೀರಿ, ಪತ್ರಿಕೆ ನೋಡೇಬುಡಾನ," ಎಂದು ಅಂಗಡಿಗೆ ಹೊರಡಲು ಎದ್ದರು. ಈ ಸಲ ಸದಾಶಿವಯ್ಯ ಮೊದಲಿಂದ ಕೊನೆಯ ಹೆಸರಿನವರೆಗೂ ಓದಿ ಒಪ್ಪಿದರು. ಆದರೆ ಮುಗಿಯುವ ತನಕ ಶಲ್ಯವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಕಂಪ್ಯೂಟರ್ ತಾನೇ ಕೇಳುವ ಅಪ್‌ಡೇಟನ್ನು ಮುಂದೂಡುತ್ತಾ ಹೋಗಬೇಡಿ. ಮಾಡುವ ಮೊದಲು ನಿಮ್ಮ ಕೆಲಸದ ಕಡತಗಳ, ಫಾಂಟುಗಳ ಪ್ರತಿ ತೆಗೆದಿಡಿ. ನಡುವೆ ಕರೆಂಟು ಹೋಗದ ಹಾಗೆ ನೋಡಿಕೊಳ್ಳಿ. ವಿಡಿಯೋ ತೋರಿಸಲು ಬ್ರೌಸರಿಗೆ ಸೇರಿಸುವ ಪ್ಲಗ್-ಇನ್ ಹಳೆಯದಾಗಿದೆ ಎಂದು ಯಾವುದೋ ಪೇಜು ಹೇಳಿದರೆ ಅಲ್ಲಿ ಒತ್ತಬೇಡಿ. ಆ ಪೇಜು ಮುಚ್ಚಿ, ಅದನ್ನು ತಯಾರಿಸಿದವರ ವಿಳಾಸವನ್ನು ನೀವೇ ಬೆರಳಚ್ಚಿಸಿ ಅಲ್ಲಿಂದ ತನ್ನಿ. ಬಳಸದ ಪ್ಲಗ್-ಇನ್ ಇದ್ದರೆ ತೆಗೆದುಹಾಕಿ. ಮತ್ತೆ, ಪರದೆಯ ಮೇಲೆ ಕೆಟ್ಟದ್ದು ಕಂಡರೆ ಮನೆಯವರ ಮೇಲೆ ಸಂಶಯ ಪಡುವ ಮೊದಲು ತಿಳಿದವರನ್ನು ಕೇಳಿ.

ಆ ವೇಷದ ಅಪ್‌ಡೇಟನ್ನು ಯಾರು ಮಾಡಿದರು, ಎಲ್ಲಿ ಕೂತು ಮಾಡಿದರು ಎಂಬುದು ನನಗೆ ಗೊತ್ತಿಲ್ಲ. ಒಳಗಿದ್ದ ಆ ಕೆಲವು ದಿನಗಳಲ್ಲಿ ಅದು ಚೂಡಾಮಣಿಯ ಕಂಪ್ಯೂಟರಿನಿಂದ ಏನನ್ನಾದರೂ ಹೊತ್ತೊಯ್ದಿತೇ? ನಾಗಮಣಿಯನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ. ಇ-ಮೇಲ್ ಪಾಸ್‌ವರ್ಡನ್ನು ಬೇರೆ ಕಂಪ್ಯೂಟರಿನಲ್ಲಿ ಕೂತು ಬದಲಾಯಿಸಿದ್ದಾರೆ. ಅಷ್ಟು ಸಾಕೇ ಎಂಬುದನ್ನೂ ನಾನು ಹೇಳಲಾರೆ.