ಕೋಣೆಯಲ್ಲಿ ಬೇರೆ ಯಾರಿದ್ದಾರೆ?

ಬೈಂಡಿಂಗ್ ಅಕ್ಕನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇಪ್ಪತ್ತೇಳು ವರ್ಷ ಒಂದು ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿದವಳು. ಆಸ್ಪತ್ರೆಯ ಕಡತದಲ್ಲಿ ಬೇರೆ ಹೆಸರಿದ್ದರೂ ಎಲ್ಲರ ಬಾಯಲ್ಲೂ ಅವಳು ಬೈಂಡಿಂಗ್ ಅಕ್ಕನೇ. ಹೊಟ್ಟೆಯಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೆ ಇಳಿದ ಮೇಲೆ ಡಾಕ್ಟರುಗಳು ಕೈಚೆಲ್ಲಿದರು. ಇನ್ನು ನೋವಿಗಷ್ಟೇ ಮದ್ದು ಎಂದು ಮನೆಗೆ ಕಳಿಸಿದರು. ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಬೆಳಿಗ್ಗೆ ಸಂಜೆ ಒಬ್ಬ ನರ್ಸು ಬಂದು ಹೋಗುತ್ತಿದ್ದಳು. ಅಕ್ಕ ಎದ್ದು ಬಾಗಿಲು ತೆಗೆಯುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಬೀಗದ ಕೈ ನರ್ಸಿನ ಚೀಲದಲ್ಲೇ ಇರುತ್ತಿತ್ತು. ಗುರುವಾರ ನಾಲ್ಕು ಗಂಟೆಗೆ ಫೋನಿನ ಪರದೆಯ ಮೇಲೆ ಸಲಹೆಗಾರ ಬರುತ್ತಿದ್ದ. ಒಬ್ಬ ರೋಗಿಗೆ ಎಂಟು ಭೇಟಿ, ಒಂದೊಂದು ಭೇಟಿಗೆ ನಲವತ್ತೈದು ನಿಮಿಷ. ನಲವತ್ತೈದು ಆಯಿತೆಂದರೆ ಮಾತಿನ ಮಧ್ಯದಲ್ಲಿದ್ದರೂ ಕರೆ ತಾನೇ ಕಡಿದುಹೋಗುತ್ತಿತ್ತು.

ಸಲಹೆಗಾರ ಇದ್ದದ್ದು ಅಲ್ಲಿಂದ ಒಂದು ಹಗಲಿನ ರೈಲು ಪ್ರಯಾಣದಷ್ಟು ದೂರದ ಊರಿನಲ್ಲಿ. ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿಲ್ಲ, ಈ ಕೆಲಸಕ್ಕೆ ಸೇರಿ ಎರಡು ವರ್ಷ. ಅವನ ಸಲಹಾ ಕೇಂದ್ರದಲ್ಲಿ ಹಳೆಯ ದಾಖಲೆ ಕೋಣೆಯನ್ನು ಗಾಜಿನಿಂದ ಐದು ಭಾಗ ಮಾಡಿದ್ದರು. ಐದರಲ್ಲೂ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡವರು ಮೆಲ್ಲಗೆ ಮಾತಾಡುತ್ತ ಕೂತಿರುತ್ತಿದ್ದರು. ಹೊರಗಿನವರಿಗೆ ತುಟಿ ಆಡುವುದಷ್ಟೇ ಕಾಣುತ್ತಿತ್ತು. ಎಲ್ಲರ ಮುಂದೆಯೂ ಒಂದೇ ಫಾರಂ. ಮೊದಲು ನಾಲ್ಕು ಪ್ರಶ್ನೆ ಕೇಳಲೇಬೇಕು. ನನ್ನ ದನಿ ಕೇಳುತ್ತಿದೆಯೇ? ಈಗ ಎಲ್ಲಿದ್ದೀರಿ? ನೋವು ಹತ್ತರಲ್ಲಿ ಎಷ್ಟು? ಕೋಣೆಯಲ್ಲಿ ಬೇರೆ ಯಾರಿದ್ದಾರೆ? ನಾಲ್ಕನೆಯದನ್ನು ತಮಾಷೆಗೆ ಇಟ್ಟಿರಲಿಲ್ಲ. ಹೆಂಡತಿ ಪಕ್ಕದಲ್ಲಿದ್ದರೆ ಗಂಡ ಚೆನ್ನಾಗಿದ್ದೇನೆ ಅನ್ನುತ್ತಾನೆ, ಮಗ ಇದ್ದರೆ ತಾಯಿ ನಗುತ್ತಾಳೆ. ಯಾರಾದರೂ ಇದ್ದರೆ ದಯವಿಟ್ಟು ಹೊರಗಿರಿ ಎಂದು ಹೇಳಿಯೇ ಮುಂದುವರಿಯಬೇಕು. ಕೊನೆಯಲ್ಲಿ ‘ಈ ಭೇಟಿ ಇಲ್ಲಿಗೆ ಮುಗಿಯಿತು’ ಎಂದು ಬಾಯಿಬಿಟ್ಟು ಹೇಳಿ ಫೋನಿಡಬೇಕು.

ಮೊದಲ ಗುರುವಾರ ನೋವು ಏಳು ಅಂದಳು ಅಕ್ಕ. ನಾಲ್ಕನೇ ಪ್ರಶ್ನೆಗೆ ನಕ್ಕಳು. ಯಾರಿರುತ್ತಾರೆ, ಗೋಡೆ ಇದೆ, ಗಡಿಯಾರ ಇದೆ ಅಂದಳು. ಅವನ ದನಿ ಕೇಳಿದರೆ ಕಾಯಿಲೆ ತನಗೋ ಅವನಿಗೋ ಎಂದು ಅನುಮಾನ ಬರುತ್ತದೆ ಎಂದೂ ಸೇರಿಸಿದಳು. ಯಾವುದಕ್ಕೆ ಭಯ ಎಂದು ಅವನು ಕೇಳಿದ್ದಕ್ಕೆ ಮಾತ್ರ ನಗದೆ ಉತ್ತರ ಕೊಟ್ಟಳು.

“ಸಾಯೋದಕ್ಕೆ ಭಯ ಇಲ್ಲ ತಮ್ಮಾ. ಸಾಯೋವಾಗ ಕೋಣೇಲಿ ಒಬ್ಳೇ ಇರ್ಬಾರ್ದು. ಅದೊಂದು ನೋಡ್ಕೊ, ಮಿಕ್ಕಿದ್ದು ನಾನು ನೋಡ್ಕೊತೀನಿ.”

ಅವನು ಫಾರಂನಲ್ಲಿ ಗುರಿ ಎಂಬಲ್ಲಿ ಅದನ್ನೇ ಬರೆದುಕೊಂಡ. ನೋಡಿಕೊಳ್ಳುತ್ತೇನೆ ಅಂದ.

ಎರಡನೇ ಗುರುವಾರ, ಒಬ್ಬರಿದ್ದಾರೆ ಅಂದಳು. ಪಕ್ಕದ ಮನೆಯವರಿರಬೇಕು ಎಂದುಕೊಂಡ ಅವನು. ಅಲ್ಲವಂತೆ. ಪರಿಚಯವಿಲ್ಲ, ಬಂದು ಕೂತಿದ್ದಾರೆ, ಕೂತುಕೊಳ್ಳಲಿ ಬಿಡು ಅಂದಳು. ಮೂರನೇ ವಾರ ಇಬ್ಬರಾದರು, ನಾಲ್ಕನೇ ವಾರ ಮೂವರು. ಗಂಡಸೋ ಹೆಂಗಸೋ ಎಂದರೆ ಅಷ್ಟು ದಿಟ್ಟಿಸಿ ನೋಡುವುದು ಮರ್ಯಾದೆಯಲ್ಲ ಅಂದಳು. ಅವರು ಮಾತಾಡುವುದಿಲ್ಲವಂತೆ. ಅವಳಿಗೆ ಜೊಂಪು ಹತ್ತಿದರೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರಂತೆ. ನೋವು ಏಳರಿಂದ ಐದಕ್ಕೆ ಇಳಿದಿತ್ತು, ಆಮೇಲೆ ಎರಡಕ್ಕೆ.

ಸಲಹೆಗಾರ ನರ್ಸಿಗೆ ಫೋನ್ ಮಾಡಿದ. ಮನೆಗೆ ಯಾರೂ ಬರುವುದಿಲ್ಲ, ಬೀಗ ಹಾಕುವುದೂ ತೆಗೆಯುವುದೂ ತಾನೇ ಎಂದಳು ನರ್ಸು. ನೋವಿನ ಮದ್ದು ಅರ್ಧಕ್ಕರ್ಧ ಇಳಿದಿರುವುದು ನಿಜ. ಆಮೇಲೆ, ಹೇಳಲೋ ಬೇಡವೋ ಎಂಬಂತೆ, ಇನ್ನೊಂದು ಮಾತು ಹೇಳಿದಳು.

“ಪ್ರೆಸ್ ಮುಚ್ಚಿದಾಗ ತಂದ ಮೂರು ಕುರ್ಚಿ ಇವೆ ಸಾರ್. ಸಂಜೆ ಹೋಗೋವಾಗ ಗೋಡೆಗೆ ಒರಗಿಸಿ ಇಟ್ಟು ಹೋಗ್ತೀನಿ. ಬೆಳಿಗ್ಗೆ ಬಂದ್ರೆ ಹಾಸಿಗೆ ಸುತ್ತ ಇರ್ತವೆ. ಅಕ್ಕನಿಗೋ ಮಗ್ಗಲು ಬದಲಿಸೋಕೂ ನಾನೇ ಬೇಕು.”

ಅವನು ಅದನ್ನು ಫಾರಂನಲ್ಲಿ ಬರೆಯಲಿಲ್ಲ. ಕೊನೆಯ ಹಂತದಲ್ಲಿರುವವರಿಗೆ ಇಲ್ಲದವರು ಕಾಣುವುದು ಹೊಸದೇನಲ್ಲ, ತರಬೇತಿಯಲ್ಲಿ ಅದಕ್ಕೆಂದೇ ಅರ್ಧ ದಿನ ಪಾಠವಿತ್ತು. ಭಯವಾಗದಿದ್ದರೆ ವಾದ ಮಾಡಬೇಡಿ, ಅಷ್ಟೇ ಪಾಠ. ಫಾರಂಗಳನ್ನು ನೋಡುವ ಮೇಲ್ವಿಚಾರಕಿಯ ತಕರಾರು ಬೇರೆಯೇ ಇತ್ತು. ನಾಲ್ಕನೇ ಪ್ರಶ್ನೆಗೆ ಒಬ್ಬರು, ಇಬ್ಬರು, ಮೂವರು ಎಂದು ಬರೆದಿದ್ದಾನೆ, ಹೊರಗೆ ಕಳಿಸಿದಿರಾ ಎಂಬುದರ ಮುಂದೆ ಮೂರು ಸಲವೂ ಇಲ್ಲ ಎಂದು ಬರೆದಿದ್ದಾನೆ. ತಪಾಸಣೆಯವರು ನೋಡಿದರೆ ಇಡೀ ಕೇಂದ್ರದ ಮರ್ಯಾದೆ ಹೋಗುತ್ತದೆ ಅಂದಳು.

“ಒಂದೋ ಯಾರೂ ಇಲ್ಲ ಅಂತ ಬರಿ, ಇಲ್ಲಾ ಹೊರಗೆ ಕಳ್ಸು. ಎರಡೂ ಮಾಡ್ದೆ ನನ್ನ ತಲೆಗೆ ಕಟ್ಟಬೇಡ.”

ಯಾರೂ ಇಲ್ಲ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನಿಂದ ಆಗಲಿಲ್ಲ. ರೋಗಿ ಹೇಳಿದ್ದನ್ನು ಹೇಳಿದಂತೆ ಬರೆಯುವುದು ಅವನ ಹಟ. ಅದಕ್ಕಿಂತ ಸಣ್ಣತನದ ಕಾರಣ ಇನ್ನೊಂದಿತ್ತು. ಅಕ್ಕ ಈಚೆಗೆ ಅವನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಹತ್ತು ನಿಮಿಷಕ್ಕೆಲ್ಲ ಸಾಕು ತಮ್ಮಾ, ನಿನಗೂ ಕೆಲಸವಿರುತ್ತದೆ ಅನ್ನುತ್ತಿದ್ದಳು. ಅವಳ ಒಂಟಿತನ ನೀಗಿಸಬೇಕಾದವನು ಅವನು. ಅದು ಅವನಿಲ್ಲದೆಯೇ ನೀಗುತ್ತಿತ್ತು. ಅವನಿಗೆ ಹೊಟ್ಟೆಯುರಿಯಾಗಿತ್ತು, ಆದರೆ ಅದನ್ನು ನಿಯಮ ಎಂದು ಕರೆದುಕೊಂಡ.

ಐದನೇ ಗುರುವಾರ, ಅವರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಅಕ್ಕಾ ಎಂದ. ಪಾಪ, ಅವರೇನು ಮಾಡಿದರು ಎಂದು ಕೇಳಿದಳು. ನಿಯಮ ಎಂದ. ತಾನು ಹೇಳುವುದಿಲ್ಲ, ಕರೆಯದೇ ಬಂದವರನ್ನು ಹೋಗಿ ಅನ್ನಲು ತನಗೆ ನಾಲಿಗೆ ಬರುವುದಿಲ್ಲ, ಬೇಕಾದರೆ ನೀನೇ ಹೇಳು ಎಂದು ಫೋನನ್ನು ಆ ಕಡೆ ತಿರುಗಿಸಿದಳು.

ಪರದೆಯಲ್ಲಿ ಮೂರು ಕುರ್ಚಿ ಕಂಡವು. ಹಾಸಿಗೆಗೆ ಮಂಡಿ ತಗಲುವಷ್ಟು ಹತ್ತಿರದಲ್ಲಿದ್ದವು. ಮೂರೂ ಖಾಲಿ. ಹಿಂದೆ ಮನೆಯ ಬಾಗಿಲು, ಪಕ್ಕದಲ್ಲಿ ಮುಚ್ಚಿದ ಕಿಟಕಿ. ಸಲಹೆಗಾರ ಕತ್ತೆತ್ತಿ ಗಾಜಿನಾಚೆ ನೋಡಿದ. ಯಾರೂ ಅವನತ್ತ ನೋಡುತ್ತಿರಲಿಲ್ಲ. ಫಾರಂನಲ್ಲಿದ್ದುದನ್ನು ಇದ್ದ ಹಾಗೆಯೇ ಓದಿದ.

“ದಯವಿಟ್ಟು ಹೊರಗಿರಿ. ಭೇಟಿ ಮುಗಿದ ಮೇಲೆ ಒಳಗೆ ಬರಬಹುದು.”

ಮಧ್ಯದ ಕುರ್ಚಿಯ ಸ್ಪಂಜಿನ ದಿಂಬು ತಗ್ಗಾಗಿತ್ತು. ಅವನು ನೋಡುತ್ತಿದ್ದಂತೆ ಅದು ನಿಧಾನವಾಗಿ ಉಬ್ಬಿ ಸಮವಾಯಿತು. ಆಮೇಲೆ ಎಡಗಡೆಯದು, ಆಮೇಲೆ ಬಲಗಡೆಯದು. ಬಾಗಿಲು ಒಬ್ಬರು ದಾಟುವಷ್ಟು ತೆರೆಯಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ಸದ್ದಿಲ್ಲದೆ ಮುಚ್ಚಿಕೊಂಡಿತು. ನರ್ಸು ಬೀಗ ಹಾಕಲು ಮರೆತಿರಬೇಕು ಎಂದುಕೊಂಡ. ಹಾಗಂದುಕೊಂಡದ್ದು ಅವನಿಗೆ ಚೆನ್ನಾಗಿ ನೆನಪಿದೆ.

ಭೇಟಿ ತುಂಬ ಚೆನ್ನಾಗಿ ಆಯಿತು. ಅಕ್ಕ ಅತ್ತಳು, ಬೈದಳು, ಇಪ್ಪತ್ತೇಳು ವರ್ಷ ಬೇರೆಯವರ ಪುಸ್ತಕಕ್ಕೆ ದಾರ ಹೊಲಿದು ಒಂದನ್ನೂ ಪೂರ್ತಿ ಓದಲಿಲ್ಲ ಅಂದಳು. ಇಂಥ ಭೇಟಿ ತಿಂಗಳಿಗೊಂದು ಸಿಕ್ಕರೆ ಹೆಚ್ಚು. ಅವನು ಮೈಮರೆತು ಕೇಳುತ್ತಿದ್ದಾಗಲೇ ನಲವತ್ತೈದು ನಿಮಿಷ ತುಂಬಿ ಕರೆ ಕಡಿಯಿತು. ಮುಗಿಯಿತು ಎಂದು ಹೇಳಲು ಆಗಲಿಲ್ಲ. ಫಾರಂನಲ್ಲಿ ಹೇಳಿದ್ದೇನೆ ಎಂದು ಬರೆದು ಎದ್ದುಹೋದ.

ಶುಕ್ರವಾರ ಬೆಳಿಗ್ಗೆ ನರ್ಸಿನ ಫೋನು. ನೋವು ಒಂಬತ್ತು, ಮದ್ದು ನಾಟುತ್ತಿಲ್ಲ, ಅಕ್ಕ ಒಳಗೆ ಬನ್ನಿ ಬನ್ನಿ ಎಂದು ಬಾಗಿಲಿನ ಕಡೆ ನೋಡಿಕೊಂಡು ಕರೆಯುತ್ತಲೇ ಇದ್ದಾರೆ. ಕುರ್ಚಿಗಳು ತಾನಿಟ್ಟಲ್ಲೇ, ಗೋಡೆಗೆ ಒರಗಿಕೊಂಡೇ ಇವೆ. ತಾನು ಮತ್ತೊಬ್ಬ ರೋಗಿಯ ಮನೆಗೆ ಹೋಗಲೇಬೇಕು, ಮಧ್ಯಾಹ್ನ ತಿರುಗಿ ಬರುತ್ತೇನೆ, ಅಷ್ಟರತನಕ ನೀವು ಮಾತಾಡಿಸಿ ಸಾರ್ ಎಂದು ಬೇಡಿಕೊಂಡಳು. ಅವನು ಉಳಿದ ಭೇಟಿಗಳಲ್ಲಿ ಒಂದನ್ನು ಆ ಕ್ಷಣವೇ ತೆರೆದ.

ಅಕ್ಕನ ಮುಖ ಒಂದೇ ದಿನದಲ್ಲಿ ಬತ್ತಿಹೋಗಿತ್ತು. ನರ್ಸು ಫೋನನ್ನು ದಿಂಬಿಗೆ ಒರಗಿಸಿ ಹೋಗಿದ್ದಳು. ಅಕ್ಕನ ಹೆಗಲಿನಾಚೆ ಬಾಗಿಲು ಕಾಣುತ್ತಿತ್ತು. ನಾಲ್ಕು ಪ್ರಶ್ನೆ ಕೇಳಲು ಅವನಿಗೆ ಬಾಯಿ ಬರಲಿಲ್ಲ.

“ಬಾಗಿಲಾಚೆ ನಿಂತಿದಾರೆ ತಮ್ಮಾ. ನಾನು ಕರೆದ್ರೆ ಬರ್ತಿಲ್ಲ. ನೀನು ಮುಗೀತು ಅಂತ ಹೇಳ್ಲೇ ಇಲ್ವಲ್ಲ.”

ಈಗ ಹೇಳುತ್ತೇನೆ ಎಂದ. ಹೇಳಿದ. ಬಾಗಿಲು ಅಲ್ಲಾಡಲಿಲ್ಲ. ಒಳಗೆ ಬನ್ನಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಕರೆದ. ಪಕ್ಕದ ಗಾಜಿನವಳು ತಿರುಗಿ ನೋಡಿದಳು.

“ಮುಗೀತು ಅಂತ ಹೇಳ್ಕೊಂಡು ಮಾತಾಡ್ತಾನೇ ಇದ್ರೆ ಯಾರು ನಂಬ್ತಾರೆ?” ಅಕ್ಕ ಉಸಿರು ಕೂಡಿಸಿಕೊಂಡಳು. “ಫೋನಿಡು.”

ಅವನು ಇಡಲಿಲ್ಲ. ಬುದ್ಧಿಯಿರುವ ಯಾವನೂ ಇಡುತ್ತಿರಲಿಲ್ಲ. ಒಬ್ಬಳೇ ಸಾಯಬಾರದು ಎಂದು ಕೇಳಿಕೊಂಡ ಹೆಂಗಸು ಕೊನೆಯ ಉಸಿರು ಎಳೆಯುತ್ತಿರುವಾಗ, ಕಣ್ಣಿಗೆ ಕಾಣದ ಮೂವರನ್ನು ನಂಬಿ ಕರೆ ಕಡಿಯುವುದೇ? ನಾನಿದ್ದೇನೆ ಅಕ್ಕಾ, ಎಲ್ಲಿಗೂ ಹೋಗುವುದಿಲ್ಲ ಎಂದ. ಅದನ್ನೇ ನಾನಾ ಬಗೆಯಲ್ಲಿ ಹೇಳುತ್ತ ಹೋದ. ಅವಳು ಅವನನ್ನು ನೋಡಲಿಲ್ಲ, ಬಾಗಿಲಿನ ಕಡೆಗೇ ಕತ್ತು ಹೊರಳಿಸಿಕೊಂಡಿದ್ದಳು. ಮೂರು ಸಲ ಫೋನಿಡು ಅಂದಳು. ಆಮೇಲೆ ಅನ್ನಲಿಲ್ಲ.

ನಲವತ್ತೈದು ನಿಮಿಷಕ್ಕೆ ಕರೆ ಕಡಿಯಿತು. ಅದೇ ಭೇಟಿಯನ್ನು ಒಂದು ಸಲ ಮುಂದುವರಿಸಲು ಅವಕಾಶವಿತ್ತು, ಗಡಿಬಿಡಿಯಲ್ಲಿ ಗುಂಡಿ ಒತ್ತಿದ. ಅರ್ಧ ನಿಮಿಷ ಹಿಡಿಯಿತು. ಆ ಕಡೆ ಅವಳ ಬೆರಳು ತಡವುತ್ತ ಪರದೆ ಮುಟ್ಟಿತು, ಮುಖ ಮತ್ತೆ ಕಂಡಿತು. ಆ ಮುಖದಲ್ಲಿ ನೋವಿರಲಿಲ್ಲ. ಅವನ ದನಿ ಕೇಳಿದ ಮೇಲೆ ಬಂತು.

“ಯಾಕೆ ಮತ್ತೆ ಮಾಡ್ದೆ? ಬಾಗಿಲು ತೆಗೀತಿದ್ರು.”

ಅವಳ ಹಿಂದೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿತ್ತು. ಅಲ್ಲಿಂದ ಮುಂದಕ್ಕೆ ಸರಿಯಲಿಲ್ಲ. ಆ ಸಂದಿನಲ್ಲಿ ಮೆಟ್ಟಿಲಿನ ಬೆಳಕು ಕಾಣಬೇಕಿತ್ತು, ಕಾಣುತ್ತಿರಲಿಲ್ಲ. ಏನೋ ಅಡ್ಡ ನಿಂತಿತ್ತು.

ಈಗ ಫೋನಿಡಬೇಕು ಎಂದು ಅವನಿಗೆ ಗೊತ್ತಾಯಿತು. ಬೆರಳು ಕೆಂಪು ಗುಂಡಿಯ ಮೇಲೇ ಇತ್ತು. ಇಟ್ಟರೆ, ಅಲ್ಲಿ ನಿಂತಿರುವುದು ಏನು ಎಂದು ಅವನಿಗೆ ಎಂದೂ ತಿಳಿಯುವುದಿಲ್ಲ. ಅಂಥದ್ದರ ಕೈಗೆ ಅವಳನ್ನು ಒಪ್ಪಿಸಿ ಹೇಗೆ ಹೋಗುವುದು? ಹೀಗೆ ಯೋಚಿಸುತ್ತ ಅವನು ಎಷ್ಟು ಹೊತ್ತು ಕೂತನೋ, ಹೆಡ್‌ಫೋನಿನಲ್ಲಿ ಅವಳ ಉಸಿರು ಒಂದು ಸಲ ಬಂತು, ತಡೆದು ಇನ್ನೊಂದು ಸಲ ಬಂತು. ಮುಂದಿನದಕ್ಕೆ ಅವನು ಕಾದ. ಅದು ಬರಲಿಲ್ಲ. ಅವಳ ಕಣ್ಣು ಬಾಗಿಲಿನ ಕಡೆಗೇ ಇತ್ತು.

“ಈ ಭೇಟಿ ಇಲ್ಲಿಗೆ ಮುಗಿಯಿತು” ಎಂದ ಸಲಹೆಗಾರ. ಬಾಗಿಲು ಆಚೆಯಿಂದ ಮೆಲ್ಲಗೆ ಮುಚ್ಚಿಕೊಂಡಿತು. ಆಮೇಲೆ ಗುಂಡಿ ಒತ್ತಿದ.

ಒಂದು ಗಂಟೆಗೆ ನರ್ಸು ಫೋನ್ ಮಾಡಿದಳು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತಂತೆ. ಮೆಟ್ಟಿಲಲ್ಲಿ ಯಾರಾದರೂ ಎದುರಾದರೇ ಎಂದು ಅವನು ಕೇಳಿದ. ಇಲ್ಲ ಸಾರ್, ಯಾರಿಗೆ ಹೇಳಿ ಕಳಿಸಿದ್ದಿರಿ ಎಂದು ಅವಳು ತಿರುಗಿ ಕೇಳಿದಳು. ಮೇಲ್ವಿಚಾರಕಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಕೊನೆತನಕ ಜೊತೆಗಿದ್ದೆಯಲ್ಲ, ಅದಕ್ಕಿಂತ ಏನು ಬೇಕು ಅಂದಳು. ಅವನು ಪೆನ್ನು ತೆಗೆದುಕೊಂಡು ಫಾರಂ ಮುಗಿಸಿದ. ಬಳಸದೆ ಹೋದ ಭೇಟಿ ಎರಡು. ತೀರಿಕೊಂಡವರು ಒಬ್ಬರು. ಹೊರಗೆ ಕಳಿಸಿದವರು ಮೂವರು.