ಅಳತೆಗೋಲಿನ ಪಕ್ಕ ನಿಂತವಳು

ವಸ್ತುಸಂಗ್ರಹಾಲಯದ ಸಂಶೋಧಕಿಗೆ ಬೇಕಾಗಿದ್ದುದು ಒಂದು ಹೆಸರು. ಪರದೇಶದವರ ಆಳ್ವಿಕೆಯಲ್ಲಿ ಕಾಡಿನ ಜನರ ಹೆಂಗಸರನ್ನು ಬಟ್ಟೆ ಬಿಚ್ಚಿಸಿ, ಅಳತೆಗೋಲಿನ ಪಕ್ಕ ನಿಲ್ಲಿಸಿ ತೆಗೆದ ಫೋಟೋಗಳ ಮೇಲೆ ಅವಳ ಕೆಲಸ. ಅವುಗಳ ಕೆಳಗೆ ಬರೆದಿದ್ದುದು ಎತ್ತರ ಮತ್ತು ತಲೆಯ ಸುತ್ತಳತೆ ಮಾತ್ರ. ಒಬ್ಬಳಿಗಾದರೂ ಹೆಸರು ಮರಳಿಸಿ, ಪ್ರದರ್ಶನದಲ್ಲಿ ಮನುಷ್ಯಳಾಗಿ ನಿಲ್ಲಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಅವಸರ ಮಾಡಿದಳು. ಎಲ್ಲರಿಗಿಂತ ಚಿಕ್ಕವಳ ಫೋಟೋ ಆರಿಸಿ, ಆ ಜನರ ಮೊಮ್ಮಕ್ಕಳು ಈಗ ಇರುವ ಕೇರಿಯ ಫೋನ್ ಗುಂಪಿಗೆ ಹಾಕಿ, ಯಾರಿಗಾದರೂ ಗುರುತು ಸಿಗುತ್ತದೆಯೇ ಎಂದು ಕೇಳಿದಳು.

ಯಾರೂ ಉತ್ತರಿಸಲಿಲ್ಲ. ಕೊನೆಗೆ ಹೊಲಿಗೆಯವಳೊಬ್ಬಳು ಫೋನ್ ಮಾಡಿ, ನಮ್ಮಜ್ಜಿ ನಿಮ್ಮನ್ನು ಕರೀತಿದಾರೆ ಎಂದಳು. ಸಂಶೋಧಕಿ ರೆಕಾರ್ಡರ್‌ಗೆ ಹೊಸ ಬ್ಯಾಟರಿ ಹಾಕಿಕೊಂಡು ಖುಷಿಯಿಂದ ಹೊರಟಳು.

ಕೋಣೆಯ ತುಂಬ ಅರ್ಧ ಹೊಲಿದ ಶಾಲೆಯ ಸಮವಸ್ತ್ರಗಳು. ಅಜ್ಜಿ ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂರಿಸಿದರು, ಚಹಾ ಕೊಡಿಸಿದರು. ಆಮೇಲೆ ತಮ್ಮ ಅಮ್ಮನ ಸುದ್ದಿ ತೆಗೆದರು. ಆಕೆ ಜನ್ಮದಲ್ಲಿ ಒಂದು ಫೋಟೋಕ್ಕೂ ನಿಂತವಳಲ್ಲವಂತೆ. ಮಗಳ ಮದುವೆಯಲ್ಲಿ ಫೋಟೋದವನು ಬಂದದ್ದೇ ತಡ, ಹಿತ್ತಿಲಿಗೆ ಹೋಗಿ ಕೂತಳಂತೆ. ಮಹಾಸುಂದರಿ, ಅವನ ಕಣ್ಣು ಬಿದ್ದರೆ ಕರಗಿಹೋಗ್ತಾಳೆ ಎಂದು ಮನೆಮಂದಿಯೆಲ್ಲ ಆಡಿಕೊಂಡಿದ್ದೇ ಆಡಿಕೊಂಡಿದ್ದು.

“ನಾಚಿಕೆ ಆದಾಗ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಕೊಂಡು ನಿಲ್ತಿದ್ಲು,” ಎಂದರು ಅಜ್ಜಿ. “ನೀನು ಹಾಕಿದ ಫೋಟೋದಲ್ಲೂ ಹಾಗೇ ನಿಂತಿದಾಳೆ.”

ಸಂಶೋಧಕಿಯ ಕೈ ರೆಕಾರ್ಡರಿನತ್ತ ಹೋಯಿತು.

“ಅವ್ರು ಬಂದೂಕು ತೋರಿಸಿ ನಿಲ್ಲಿಸಿದ್ರು. ನಿನಗೆ ಯಾರು ಬಂದೂಕು ತೋರಿಸಿದ್ರು, ಮಗಳೇ? ನನ್ನ ಅಳಿಯ, ಮೊಮ್ಮಕ್ಕಳು, ಅಂಗಡಿಯವ್ನು, ಎಲ್ಲಾ ನೋಡಿಬಿಟ್ರು.”

ಕೈ ಅಲ್ಲೇ ನಿಂತಿತು. ಚಹಾದ ಲೋಟ ಕೆಳಗಿಟ್ಟಳು. ಈಗಲೇ ಮನೆಮನೆಗೆ ಹೋಗಿ ಎಲ್ಲರ ಫೋನಿನಿಂದಲೂ ಫೋಟೋ ಅಳಿಸಿಹಾಕಿಸುತ್ತೇನೆ ಎಂದು ಎದ್ದಳು.

“ನೀನು ಹೋಗಿ ಕೇಳಿದ್ರೆ, ಯಾವ ಫೋಟೋ ಅಂತ ತೆಗೆದು ಇನ್ನೊಂದ್ಸಲ ನೋಡ್ತಾರೆ,” ಎಂದು ಅಜ್ಜಿ ಚಪ್ಪಲಿ ಮೆಟ್ಟಿದರು. “ನಾನು ಬರ್ತೀನಿ. ನನ್ನೆದುರಿಗೆ ನೋಡೋ ಧೈರ್ಯ ಯಾರಿಗಿದ್ಯೋ ನೋಡೋಣ.”

ಮಂಡಿ ಹಿಡಿದುಕೊಂಡೇ ಅಜ್ಜಿ ಒಂದೊಂದು ಮನೆಯ ಮೆಟ್ಟಿಲು ಹತ್ತಿದರು. ಸಂಶೋಧಕಿಯನ್ನು ಯಾರೂ ಒಳಗೆ ಕರೆಯಲಿಲ್ಲ. ಅವಳು ಬೀದಿಯಲ್ಲೇ ನಿಂತಳು. ಅಂಗಡಿಯ ಮುಂದಿನ ಗಂಡಸರು ಅವಳನ್ನು ಮೇಲಿಂದ ಕೆಳಗಿನವರೆಗೆ ಅಳೆದು ನೋಡಿದರು. ಒಬ್ಬ ಏನೋ ಅಂದ, ಉಳಿದವರು ನಕ್ಕರು. ದೃಷ್ಟಿ ಎಲ್ಲಿಡಬೇಕೆಂದು ತಿಳಿಯದೆ ಅವಳು ನೆಲ ನೋಡಿದಳು.

ಕೊನೆಯ ಮನೆಯಿಂದ ಇಳಿಯುವಾಗ ಅಜ್ಜಿಗೆ ಏದುಸಿರು. ಸಂಶೋಧಕಿ ತೋಳು ಕೊಟ್ಟಳು.

“ನಿನಗೆ ಹೆಸರು ಬೇಕಾಗಿತ್ತಲ್ವಾ?”

“ಬೇಡಜ್ಜಿ.”

“ಬೇಡ ಯಾಕೆ? ಹೆಸರು ಬರಿ. ಫೋಟೋ ಗೋಡೆಗೆ ಹಾಕ್ಬೇಡ.”

ಅಜ್ಜಿ ಅವಳ ಕಿವಿಯ ಹತ್ತಿರ ಬಾಗಿ ಅಮ್ಮನ ಹೆಸರು ಹೇಳಿದರು. ಸರಿಯಾಗಿ ಕೇಳಿಸಿತೋ ಇಲ್ಲವೋ, ಒಮ್ಮೆ ಹೇಳು ನೋಡೋಣ ಎಂದರು. ಸಂಶೋಧಕಿ ಬಾಯಿ ತೆರೆದಳು. ಅಜ್ಜಿಯ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಆ ಹೆಸರು ಹೇಳಿದಳು.