ಹಸಿರು ಒತ್ತಿದ ಬೆರಳು

“ಹಿಂದಿನ ಮೆಟ್ಟಿಲ ಕಂಬಿ ಅಲ್ಲಾಡ್ತಿದೆ ಅಂತ ಫೋಟೋ ಹಾಕಿದೋಳೂ ಕಸ ಗುಡಿಸೋ ದೊಡ್ಡಕ್ಕನೇ, ಸರಿಹೋಯ್ತು ಅಂತ ಒತ್ತಿದೋಳೂ ಅವಳೇ.” ಮ್ಯಾನೇಜರ್ ಗೋಡೆಯ ಪರದೆ ತೋರಿಸಿದರು. “ಆಮೇಲೆ ಅದನ್ನೇ ಹಿಡ್ಕೊಂಡು ಬಿದ್ರೆ ಯಾರೇನ್ ಮಾಡೋಕಾಗುತ್ತೆ? ಇಂಥೋರನ್ನ ಇಟ್ಕೊಳ್ಳೋದು ಕಷ್ಟ, ಮೇಸ್ತ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಸ್ತ್ರಿ ಬಲಗೈಯನ್ನು ಜೇಬಿಗಿಳಿಸಿದ. ಒತ್ತಿದ್ದು ಆ ಕೈ. ಆದರೆ ಬಾಯಿಗೆ ಬಂದದ್ದು “ಹೌದು ಸಾರ್” ಎಂಬುದೊಂದೇ.

ಕಟ್ಟಡದ ಉಸ್ತುವಾರಿಯೆಲ್ಲ ಫೋನಿಗೆ ಬಂದಂದಿನಿಂದ ಬಾಕಿ ಕೆಲಸಕ್ಕೆ ಕೆಂಪು ಚೌಕ, ಮುಗಿದದ್ದಕ್ಕೆ ಹಸಿರು. ಕೆಂಪು ಬಂದವರನ್ನು ಮ್ಯಾನೇಜರ್ ಎಲ್ಲರೆದುರು ಎದ್ದು ನಿಲ್ಲಿಸಿ ಯಾಕೆ ಎನ್ನುತ್ತಿದ್ದರು. ಯಾಕೆಂದು ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಅವರಿಗಿರಲಿಲ್ಲ. ತನ್ನವರು ಹೀಗೆ ತಲೆ ತಗ್ಗಿಸಿ ನಿಲ್ಲುವುದನ್ನು ನೋಡಲಾರದೆ ಮೇಸ್ತ್ರಿಯೇ ಒಂದು ಉಪಾಯ ಹುಡುಕಿದ್ದ. ಬೆಳಗಿನ ಟೀ ಹೊತ್ತಿಗೆ ನೆಲಮಾಳಿಗೆಯ ಮೇಜಿನ ಮೇಲೆ ಎಲ್ಲರ ಫೋನು ಗುಡ್ಡೆ ಬೀಳುತ್ತಿತ್ತು. ಅವನು ಒಂದೊಂದನ್ನೇ ಎತ್ತಿಕೊಂಡು ಹಸಿರು ಒತ್ತುತ್ತಿದ್ದ. ಮೊದಲು ಹಸಿರು, ಆಮೇಲೆ ಕೆಲಸ. ಪರದೆಯೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾಯಮಾನದ್ದು. ಒತ್ತಿದ ಮೇಲೆ ಮೇಸ್ತ್ರಿ ಆಯಾ ಕೆಲಸದವರನ್ನು ಕೂಗಿ ಹೇಳುತ್ತಿದ್ದ, ಕೆಲಸವೂ ನಡೆದುಹೋಗುತ್ತಿತ್ತು. ದೊಡ್ಡಕ್ಕನ ದೂರಿಗೂ ಹೀಗೇ ಹಸಿರು ಒತ್ತಿದವನು, ಅವತ್ತು ನೀರಿನ ಪಂಪು ಕೈಕೊಟ್ಟ ಗಡಿಬಿಡಿಯಲ್ಲಿ ಫಿಟ್ಟರನಿಗೆ ಕಂಬಿಯ ವಿಷಯ ಹೇಳುವುದನ್ನು ಮರೆತ. ದೊಡ್ಡಕ್ಕ ಆ ಕಂಬಿ ಹಿಡಿದು ಬಕೆಟ್ಟಿನ ಸಮೇತ ಉರುಳಿದಳು.

ಮ್ಯಾನೇಜರಿಗೆ ‘ಹೌದು’ ಎಂದು ಬಂದ ದಿನ ಸಂಜೆ ಮೇಸ್ತ್ರಿ ಅವಳ ಮನೆಗೆ ಹೋದ. ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದಳು. ಮಗಳು ಹಿಂದೆ ನಿಂತು ತಲೆ ಬಾಚುತ್ತಿದ್ದಳು.

“ನಿಮ್ಗೂ ಬೈದ್ರಾ ಮೇಸ್ತ್ರಿ? ನೀವು ಒತ್ತೋದು ನನ್ನ ಗುಡಿಸೋ ಕೆಲ್ಸದ್ದು ಮಾತ್ರ ಅಲ್ವಾ, ಇದಕ್ಕೆ ಫೋಟೋ ಹಾಕುವಾಗ ಎಲ್ಲೋ ಬೆರಳು ತಾಗಿರ್ಬೇಕು. ಹಾಳಾದ್ದು ನನ್ನ ಬೆರಳು!”

“ಅಮ್ಮಂಗೆ ಫೋನ್ ಹಿಡಿಯೋದಂದ್ರೆ ಹಾವು ಹಿಡಿದಂಗೆ,” ಎಂದಳು ಮಗಳು. ತಾಯಿ ಮಗಳಿಬ್ಬರೂ ನಕ್ಕರು. ಮೇಸ್ತ್ರಿಯೂ ನಕ್ಕ. ನಕ್ಕದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಒತ್ತಿದ್ದು ತಾನೆಂದು ಹೇಳಲೆಂದೇ ಬಂದಿದ್ದವನು, ಹೇಳದೆಯೇ ಎದ್ದ.

ಹೊರಟು ನಿಂತಾಗ ದೊಡ್ಡಕ್ಕ ಎಡಗೈಯಿಂದ ದಿಂಬಿನಡಿ ತಡಕಾಡಿ ಫೋನು ತೆಗೆದಳು. “ಇದನ್ನ ತಗೊಂಡ್ಹೋಗಿ. ನಾನು ಬರೋವರೆಗೂ ಎಂದಿನ ಹಾಗೆ ದಿನಾ ನನ್ನ ಹಸಿರೂ ಒತ್ತಿಬಿಡಿ. ಕೆಂಪಾದ್ರೆ ಅದೇ ನೆಪ ಮಾಡ್ಕೊಂಡು ತೆಗೆದುಹಾಕ್ತಾರೆ. ಈ ವಯಸ್ಸಲ್ಲಿ ನನ್ನನ್ನ ಯಾರು ಕರೀತಾರೆ ಹೇಳಿ? ನಿಮ್ಮನ್ನ ಬಿಟ್ರೆ ಇನ್ಯಾರನ್ನ ಕೇಳ್ಲಿ?”

ಮರುದಿನ ಕೆಲಸಕ್ಕೆ ಬಂದವನು ಮೊದಲು ಹಿಂದಿನ ಮೆಟ್ಟಿಲಿಗೆ ಹೋದ. ಕಂಬಿ ಇನ್ನೂ ಅಲ್ಲಾಡುತ್ತಲೇ ಇತ್ತು. ಪರದೆಯಲ್ಲಿ ಹಸಿರಿದ್ದುದನ್ನು ಯಾರು ತಾನೇ ರಿಪೇರಿ ಮಾಡುತ್ತಾರೆ?

ನೆಲಮಾಳಿಗೆಯ ಮೇಜಿನ ಮೇಲೆ ಫೋನುಗಳು ಗುಡ್ಡೆ ಬಿದ್ದಿದ್ದವು. ಮೇಸ್ತ್ರಿ ಒಂದನ್ನೂ ಮುಟ್ಟಲಿಲ್ಲ.

“ಕೆಲ್ಸ ಮುಗಿದ್ಮೇಲೆ ನೀವ್ನೀವೇ ಒತ್ಕೊಳ್ಳಿ.”

“ಅಲ್ಲೀವರೆಗೂ ಕೆಂಪಿರುತ್ತಲ್ಲಾ!” ಎಂದ ಎಲೆಕ್ಟ್ರಿಷಿಯನ್.

“ಇರ್ಲಿ. ಕೇಳಿದ್ರೆ ನನ್ನ ಹೆಸ್ರು ಹೇಳಿ.”

ದೊಡ್ಡಕ್ಕನ ಫೋನನ್ನು ಜೇಬಿನಿಂದ ತೆಗೆದು, ಮುಚ್ಚಿಹೋಗಿದ್ದ ಆ ದೂರನ್ನು ಮತ್ತೆ ತೆರೆದ. ಆಮೇಲೆ ಮೇಲೆ ಹೋಗಿ ಮ್ಯಾನೇಜರ ಮುಂದೆ ನಿಂತ.

“ಸಾರ್, ದೊಡ್ಡಕ್ಕನ ಫೋನಲ್ಲಿ ಅವತ್ತು ಒತ್ತಿದ್ದು ನಾನು. ಅವತ್ತೊಂದೇ ಅಲ್ಲ. ದಿನಾ, ಎಲ್ಲರದ್ದೂ. ತೆಗೆಯೋದಿದ್ರೆ ನನ್ನನ್ನ ತೆಗೀರಿ.”

ಮ್ಯಾನೇಜರ್ ಗೋಡೆಯತ್ತ ತಿರುಗಿದರು. ಪರದೆಯ ಮೇಲೆ ಅಂದಿನ ಬಾಕಿ ಕೆಲಸಗಳ ಚೌಕಗಳು ಒಂದಾದ ಮೇಲೊಂದು ಕೆಂಪಾಗುತ್ತಿದ್ದವು. ತುಸು ಹೊತ್ತಿನಲ್ಲಿ, ಹಿಂದಿನ ಮೆಟ್ಟಿಲ ಕಡೆಯಿಂದ ಫಿಟ್ಟರನ ಸುತ್ತಿಗೆಯ ಸದ್ದು ಕೇಳಿಸತೊಡಗಿತು.